ದಿಲ್ಲಿ ಬೇಡವೆಂದ ಬಂಡವಾಳ

2016ರ ವಿಜಯದಶಮಿ. ಬೆಳಿಗ್ಗೆ ಒಂಬತ್ತೂಕಾಲಿಗೆ ಯಲಹಂಕ ಠಾಣೆಗೆ ಬಂದ ಪದ್ಮಶ್ರೀಯ ತುಟಿ ಒಣಗಿಹೋಗಿತ್ತು. ಗಡಿಯಲ್ಲಿ ಕತ್ತಲಲ್ಲೂ ನೋಡಬಲ್ಲ ಕ್ಯಾಮೆರಾಗಳಿಗೆ ಸೆನ್ಸರ್ ತಯಾರಿಸುವ ಪುಟ್ಟ ಘಟಕ ಆಕೆಯದು. ಹೊಸ ಸೆನ್ಸರಿನ ಇದ್ದೊಂದು ಮಾದರಿಯೇ ಮಾಯವಾಗಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಯೋಗಾನಂದ ಕೇಳಿದರು.

"ಒಂದು ಫಾರಿನ್ ಕಂಪನಿ ನಮ್ಮಲ್ಲಿ ಬಂಡವಾಳ ಹಾಕ್ತೀವಿ ಅಂತ ಬಂದಿತ್ತು ಸಾರ್. ದೇಶದ ಭದ್ರತೆ ವಿಷಯ, ಆಗಲ್ಲ ಅಂತ ದಿಲ್ಲಿಯೋರು ಪರ್ಮಿಷನ್ ಕೊಡ್ಲಿಲ್ಲ. ಆಮೇಲೆ ಅವರ ಸುದ್ದೀನೇ ಇಲ್ಲ."

ಬೊಗಳುವ ನಾಯಿಗಿಂತ ಸುಮ್ಮನಿರುವ ನಾಯಿಗೇ ಹೆದರಬೇಕು. ಯೋಗಾನಂದರು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಜಾಹಿದಾಳೊಂದಿಗೆ ಘಟಕದ ಶೆಡ್ಡಿಗೆ ಹೊರಟರು.

ಬೀಗ ಒಡೆದಿರಲಿಲ್ಲ. ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳುಗಳು ಬಾಗಿಲಲ್ಲೇ ಬಿದ್ದಿದ್ದವು. ಪೂಜೆಯಾದ ಮೇಲೆ ಮರುದಿನದವರೆಗೆ ಯಂತ್ರ ಮುಟ್ಟುವಂತಿಲ್ಲ; ಎಲ್ಲರೂ ಕಡಲೆಪುರಿ ಕಟ್ಟಿಕೊಂಡು ಮನೆಗೆ ಹೋಗಿದ್ದರು.

"ಬೆಳಿಗ್ಗೆ ಏನ್ ನೋಡಿದ್ರಿ?"

"ಇವತ್ತಿನ ಪೂಜೆಗೆ ಅಂತ ಕಪಾಟಿನ ಹಾರ ತೆಗ್ದೆ. ಅದನ್ನ ತೆಗೀದೆ ಬಾಗಿಲು ತೆರೆಯೋಕಾಗಲ್ಲ. ಒಳಗೆ ಖಾಲಿ!"

"ಹಾರ ನೆಟ್ಟಗಿತ್ತಾ?"

"ಇತ್ತು. ಹೊಸದಾಗಿ ಕುಂಕುಮಾನೂ ಇಟ್ಟಿತ್ತು."

"ಕಳ್ಳನಿಗೆ ಎಲ್ಲಿಂದ ಬಂತು ಸಾರ್ ಈ ಭಕ್ತಿ?" ಎಂದಳು ಜಾಹಿದಾ.

"ಮನೆಯವನೇ ಆದ್ರೆ ಇರುತ್ತೆ. ಇನ್ನೊಂದು ಬೀಗದ ಕೈ ಯಾರ ಹತ್ರ?"

ಪದ್ಮಶ್ರೀ ತಡವರಿಸಿದಳು. "ಪಾಲುದಾರ ಮುನಿರತ್ನನ ಹತ್ರ. ಅಂಥವನಲ್ಲ ಸಾರ್. ಈ ಶೆಡ್ ಇರೋದೇ ಅವರಪ್ಪನ ಜಾಗದಲ್ಲಿ."

ಪಂಚನಾಮೆ ಮುಗಿಸಿ ಅವರು ವಿದ್ಯಾರಣ್ಯಪುರ ತಲುಪಿದಾಗ ನಡುಮಧ್ಯಾಹ್ನ. ಬೀದಿಯೆಲ್ಲ ಹಬ್ಬ, ಮುನಿರತ್ನನ ಬಾಗಿಲಲ್ಲಿ ಮಾತ್ರ ರಂಗೋಲಿಯಿಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಪರದೆ ಅಲುಗಿತು. "ಯಾರು?" ಒಳಗಿಂದ ದನಿ ಬಂತು.

"ಪೊಲೀಸ್."

ಮುನಿರತ್ನನೇ ಬಾಗಿಲು ತೆರೆದ.

"ಸೆನ್ಸರ್ ಎಲ್ಲಿ?"

"ದೇವರ ಮನೇಲಿದೆ."

"ಯಾರಿಗೆ ಕೊಡೋಕೆ?"

ಮುನಿರತ್ನ ಮೊಬೈಲು ಚಾಚಿದ. ಅದರಲ್ಲಿ ಅವನ ಮಗಳ ಫೋಟೋಗಳು: ಶಾಲೆಯ ಬಸ್ಸು ಹತ್ತುವಾಗ, ಡ್ಯಾನ್ಸ್ ಕ್ಲಾಸಿನ ಮೆಟ್ಟಿಲಲ್ಲಿ, ಮನೆಯ ತಾರಸಿಯಲ್ಲಿ. ಕೊನೆಗೆ ಒಂದು ಸಾಲು: ಸಂಜೆ, ಚಿಕ್ಕಬಾಣಾವರ ರೈಲ್ವೆ ಸ್ಟೇಷನ್.

"ದಿಲ್ಲಿಯೋರು ಮುಂಬಾಗಿಲು ಮುಚ್ಚಿದ್ರಲ್ಲ ಸಾರ್, ಆ ಕಂಪನಿಯೋರು ಹಿಂಬಾಗಿಲಿಂದ ಬಂದ್ರು."

"ನಮಗೆ ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಮಕ್ಳಿದ್ದಾರಾ ಸಾರ್?"

ಯೋಗಾನಂದರು ದೇವರ ಮನೆಗೆ ನಡೆದರು. ಸೆನ್ಸರ್ ವಶಪಡಿಸಿಕೊಂಡು ಮುನಿರತ್ನನನ್ನು ಬಂಧಿಸಿದರು. ಹೇಳಿಕೆ ಬರೆದುಕೊಳ್ಳುವಾಗ ಕೃತ್ಯದ ಕಾರಣಕ್ಕೆ 'ಹಣದಾಸೆ' ಎಂದು ಬರೆಯಹೊರಟ ಕೈ ತಾನೇ ನಿಂತಿತು. 'ಮಗುವಿನ ಪ್ರಾಣಭಯ' ಎಂದು ಬರೆದರು.

ಆಗ ಮುನಿರತ್ನನ ಮೊಬೈಲು ಗುಂಯ್‌ಗುಟ್ಟಿತು. ಹೊಸ ಫೋಟೋ: ಇದೇ ಮನೆ, ಇದೇ ಗೇಟು, ಎದುರಿಗೆ ಪೊಲೀಸ್ ಜೀಪು.

ಯೋಗಾನಂದರು ಬಾಗಿಲಿಗೆ ಧಾವಿಸಿದರು. ಎದುರಿನ ತಾರಸಿಗಳಲ್ಲಿ ಒಣಹಾಕಿದ ಬಟ್ಟೆ ಬಿಟ್ಟರೆ ಯಾರೂ ಕಾಣಲಿಲ್ಲ.

"ಜಾಹಿದಾ, ಕಂಟ್ರೋಲ್ ರೂಮಿಗೆ ಹೇಳು, ಇನ್ನೊಂದು ವ್ಯಾನ್ ಬರ್ಲಿ. ಒಳಗಿರೋ ಇವನ ಹೆಂಡ್ತಿ, ಮಗೂನೂ ಕರ್ಕೊಂಡ್ ಬಾ, ನಮ್ಜೊತೆನೇ ಬರ್ಲಿ."

ಹೊಸ ಲಂಗ ಉಟ್ಟ ಹುಡುಗಿ ಹೊಸ್ತಿಲಲ್ಲಿ ನಿಂತು ಕೇಳಿದಳು: "ನನ್ನೂ ಅರೆಸ್ಟ್ ಮಾಡ್ತೀರಾ ಅಂಕಲ್?"

"ಹೂಂ ಕಣಮ್ಮ, ನಿನ್ನೂ," ಎಂದ ಯೋಗಾನಂದರು ಅವಳನ್ನು ಎದೆಗವಚಿ ಎತ್ತಿಕೊಂಡು, ತಮ್ಮ ಬೆನ್ನನ್ನು ಬೀದಿಗೆ ಕೊಟ್ಟು, ಜೀಪಿನವರೆಗೂ ಅಡ್ಡಡ್ಡ ನಡೆದರು.