ಕಾರ್ಡಿನಲ್ಲಿ ಬರೆದ ‘ವಾಗಾ’

ಅಪೂರ್ವ ಹನ್ನೊಂದು ದಿನಗಳಿಂದ ಅಚಿಂತ್ಯನ ಮೆಸೇಜುಗಳಿಗೆ ಉತ್ತರ ಕೊಟ್ಟಿರಲಿಲ್ಲ. ಕಾರಣ, ಒಂದೇ ಒಂದು ಪದ.

ಧಾರವಾಡದ ಅಪೂರ್ವ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಮೈಸೂರಿನ ಅಚಿಂತ್ಯ ಅದೇ ಊರಿನ ಯೂನಿವರ್ಸಿಟಿಯಲ್ಲಿ ಹಳೆಯ ಇಟಾಲಿಯನ್ ಕಲಿಸುತ್ತಿದ್ದ. ಅವಳ ಹುಟ್ಟುಹಬ್ಬಕ್ಕೆ ಅವನು ಕೊಟ್ಟ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಅಪೂರ್ವ, ವಾಗಾ.’

ಫೋನಿನಲ್ಲಿ ಆ ಇಟಾಲಿಯನ್ ಪದದ ಅರ್ಥ ಹುಡುಕಿದಳು. ‘ಅಸ್ಪಷ್ಟ’ ಎಂದಿತ್ತು.

ಬರ್ಮಿಂಗ್‌ಹ್ಯಾಮಿನಲ್ಲಿ ಸಿಕ್ಕಿದ್ದ ಕೆಲಸಕ್ಕೆ ಅವನನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಅವಳು ತಿಂಗಳಿಂದ ತೊಳಲಾಡುತ್ತಿದ್ದಳು. ಹೋಗಲೋ ಬೇಡವೋ ಎಂದು ಅವನೆದುರು ಹೇಳಿಕೊಂಡಿದ್ದ ಗೊಂದಲವನ್ನೇ ಆಡಿಕೊಂಡನಲ್ಲ ಎಂದು ಕಣ್ಣು ತುಂಬಿ ಬಂತು. ಮರುದಿನವೇ ಕೆಲಸಕ್ಕೆ ಒಪ್ಪಿಗೆ ಕಳಿಸಿಬಿಟ್ಟಳು.

ಶನಿವಾರ ಬ್ರೂಮ್‌ಹಿಲ್ ಬಡಾವಣೆಯ ಕೆಫೆಯಲ್ಲಿ ಕ್ಯೂ ನಿಂತಿದ್ದಾಗ ಹಿಂದಿನಿಂದ ಮೆಲ್ಲನೆಯ ದನಿ. “ನಾನೇನಾದ್ರೂ ತಪ್ಪು ಮಾಡಿದ್ನಾ?”

ತಿರುಗಿದಳು. ಅಚಿಂತ್ಯನ ಸ್ವೆಟರಿನ ಒಳಮೈ ಹೊರಗಾಗಿತ್ತು. ನಗು ಬಂತು, ತಡೆದುಕೊಂಡಳು.

“ನಾನು ಅಸ್ಪಷ್ಟ ಅಂತ ಬರ್ದಿದೀರಲ್ಲ. ಇನ್ನೇನು ಮಾತಾಡೋದು?”

“ಅಯ್ಯೋ! ಅದು ಈಗಿನ ಅರ್ಥ. ನಾನು ಬರ್ದಿದ್ದು ಏಳ್ನೂರು ವರ್ಷದ ಹಿಂದಿನದು!”

“ಅದು ನಂಗೆ ಹೇಗೆ ಗೊತ್ತಾಗ್ಬೇಕು?”

ಕಿಟಕಿ ಪಕ್ಕ ಕೂತರು. ಅವನು ತಡವರಿಸುತ್ತ ಹೇಳಿದ. “ಮೂಲ ಲ್ಯಾಟಿನ್. ಅಲ್ಲಿ ಅಲೆಯೋದು ಅಂತ. ಇಟಾಲಿಯನ್‌ಗೆ ಬಂದ್ಮೇಲೆ, ಮನಸ್ಸು ಏನನ್ನೋ ಬಯಸಿ ಅಲೀತಿದ್ರೆ ಅದಕ್ಕೂ ಅದೇ ಪದ. ಆಮೇಲೆ...” ಅವನ ಕಿವಿ ಕೆಂಪಾಯಿತು. “ಯಾರ ಹಿಂದೆ ಮನಸ್ಸು ಅಲೆಯುತ್ತೋ, ಅವರಿಗೂ. ಚೆಲುವೆ ಅಂತ.”

ಕಾಫಿ ಕಪ್ಪಿನ ಮೇಲಿಂದ ಅವಳು ಅವನನ್ನೇ ನೋಡಿದಳು. “ಇದ್ರಲ್ಲಿ ನಾನು ಯಾವುದು?”

“ಕೊನೇದು. ನಡುವಿನದು ನಾನು.”

ಅವಳ ಬಾಯಿಂದ ಧಾರವಾಡದ ಮಾತು ತಡೆಯಲಾರದೆ ಹೊರಬಂತು. “ಇಷ್ಟು ಹೇಳಾಕ ಇಟಲಿಗೆ ಹೋಗಬೇಕಾಗಿತ್ತೇನ್ರೀ? ಕನ್ನಡದಾಗ ಹೇಳಾಕ ಏನಾಗಿತ್ತು?”

“ಹೆದರಿಕೆ. ಕನ್ನಡದಲ್ಲಾದ್ರೆ ನಿಮಗೆ ಅರ್ಥ ಆಗ್ಬಿಡುತ್ತಲ್ಲ.”

ಅವಳ ಸಿಟ್ಟು ಅಲ್ಲೇ ಕರಗಿತು. ಆದರೂ ಹೇಳಲೇಬೇಕಿತ್ತು. “ಬರ್ಮಿಂಗ್‌ಹ್ಯಾಮಿನ ಕೆಲಸ ಒಪ್ಕೊಂಡ್ಬಿಟ್ಟೆ. ಆಗಸ್ಟಲ್ಲಿ ಹೋಗ್ಬೇಕು.”

ಅಚಿಂತ್ಯನ ಮುಖ ಇಳಿಯಿತು. ಕಪ್ಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತಲೆಯೆತ್ತಿದ. “ಒಳ್ಳೇ ಕೆಲಸ ಅದು, ಹೋಗಿ. ನಿಮ್ಮ ಡ್ಯೂಟಿ ರೋಟಾ ಕಳಿಸ್ತಾ ಇರಿ, ರಜಾ ಇದ್ದಾಗೆಲ್ಲಾ ನಾನೇ ಟ್ರೇನ್ ಹತ್ತಿ ಬರ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ, ಅಪೂರ್ವ.”

ಅವಳು ಮೇಜಿನ ಮೇಲಿದ್ದ ಅವನ ಕೈ ಹಿಡಿದಳು. “ನನಗೂ. ಆದ್ರ ಈ ‘ನೀವು’ ಬ್ಯಾಡ. ‘ನೀ’ ಅನ್ನು.”

“ನೀನು,” ಎಂದ ಅಚಿಂತ್ಯ. ನಾಲಿಗೆಗೆ ಹೊಸದು. ಇನ್ನೊಮ್ಮೆ ಹೇಳಿದ. ಅವಳು ಕೈ ಬಿಡಲಿಲ್ಲ.