ಪೆರೆವರೋತ್ ಅಂದರೆ ಎಂತ, ಡಾಕ್ಟರೇ?

ಗೋಡೆಯ ಆಚೆಯಿಂದ ತನ್ನ ಹೆಸರು ಕೇಳಿಸಿದಾಗ ಸ್ವರ್ಣಲತಾ ಮಾತ್ರೆ ಎಣಿಸುವುದನ್ನು ನಿಲ್ಲಿಸಿದಳು.

ಐದು ನಿಮಿಷದ ಹಿಂದಷ್ಟೇ ಅವಳು ಹೊಸ ಡಾಕ್ಟರ ಚೀಟಿಯನ್ನು ವಾಪಸು ಕಳಿಸಿದ್ದಳು. ಮಗುವಿಗೆ ಬರೆದ ಔಷಧಿಯ ಪ್ರಮಾಣ ದುಪ್ಪಟ್ಟಾಗಿತ್ತು. ಡಾಕ್ಟರ್ ಸಚ್ಚಿದಾನಂದ ತಾನೇ ಎದ್ದು ಬಂದು, ಚೀಟಿ ತಿದ್ದಿ, ಅವಳ ಮುಖವನ್ನೇ ದಿಟ್ಟಿಸಿ ಹೋಗಿದ್ದ. ಈಗ ಮೊಬೈಲಿನಲ್ಲಿ ಯಾರೋ ಜೂಲಿಯನ್ ಜೊತೆ ರಷ್ಯನ್ ಭಾಷೆಯಲ್ಲಿ ಮಾತು. ನಡುವೆ ‘ಸ್ವರ್ಣಲತಾ’... ಅದರ ಬೆನ್ನಿಗೇ ‘ಪೆರೆವರೋತ್’.

ಎಂತ ಬೈಗುಳವೋ ಏನೋ...

ಅದು ೨೦೦೪. ಕಾರ್ಕಳದ ಸ್ವರ್ಣಲತಾ ಗಲ್ಫಿನ ನಿಜ್ವಾ ಪಟ್ಟಣದ ಆ ಖಾಸಗಿ ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್. ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದವಳು ಒಬ್ಬ ಡಾಕ್ಟರ ಚಾಡಿಮಾತಿನಿಂದಲೇ ಕೆಲಸ ಕಳೆದುಕೊಂಡು ಊರಿನ ವಿಮಾನ ಹತ್ತಿದ್ದಳು.

ಸಂಜೆ ಇಂಟರ್ನೆಟ್ ಕೆಫೆಯಲ್ಲಿ ಆ ಶಬ್ದವನ್ನು ಹುಡುಕಿದಳು. ಅರ್ಥ ಸಿಕ್ಕಿತು: ಕ್ಷಿಪ್ರಕ್ರಾಂತಿ, ಸರ್ಕಾರ ಉರುಳಿಸುವುದು.

ಉರುಳಿಸುವುದು ಯಾರನ್ನು? ನನ್ನನ್ನೇ ಅಲ್ಲವೇ?

ಮರುದಿನದಿಂದ ಅವನ ಪ್ರತಿ ಚೀಟಿಗೂ ಒಂದು ಜೆರಾಕ್ಸ್ ಪ್ರತಿ ಇಟ್ಟುಕೊಂಡಳು. ಅವನು ನಕ್ಕರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚು. ರೋಗಿಯೊಬ್ಬರು ಕೊಟ್ಟ ಖರ್ಜೂರವನ್ನು ಅವನು ಅವಳ ಮೇಜಿನ ಮೇಲಿಟ್ಟು ಹೋದಾಗ, ಪೊಟ್ಟಣವನ್ನು ಬಿಚ್ಚದೆ ಆಯಾಗೆ ಕೊಟ್ಟುಬಿಟ್ಟಳು.

ಮೂರು ತಿಂಗಳಾದ ಮೇಲೆ ವರ್ಗಾವಣೆಯ ಪತ್ರ ಬಂತು. ಸುವೈಕ್ ಶಾಖೆಗೆ. ಅಲ್ಲಿಯ ಡಾಕ್ಟರ ಹೆಸರನ್ನು ಅವಳು ಎರಡೆರಡು ಸಲ ಓದಿದಳು... ಜೂಲಿಯನ್.

ಸ್ವರ್ಣಲತಾ ಮ್ಯಾನೇಜರಿಗೆ ದೂರು ಬರೆದಳು. ಆದರೆ ಕೊಡುವ ಮೊದಲು ಮನಸ್ಸು ತಡೆಯದೆ ಸುವೈಕ್‌ಗೆ ಫೋನ್ ಮಾಡಿ, ತಾನು ಯಾರೆಂದು ಹೇಳದೆ, ಆ ಶಬ್ದದ ಅರ್ಥ ಕೇಳಿದಳು.

ಫೋನ್ ಎತ್ತಿದವನು ಜೂಲಿಯನ್ನೇ. ಶಬ್ದ ಕೇಳಿದ್ದೇ ನಕ್ಕುಬಿಟ್ಟ.

“ನೀವು ನಿಜ್ವಾದ ಫಾರ್ಮಸಿಯವರಲ್ವಾ? ಅದು ರಾಜಕೀಯದ ಶಬ್ದವೇ ಹೌದು ಮಾರಾಯ್ರೆ. ಆದ್ರೆ ನಾನು, ಸಚ್ಚಿದಾನಂದ ಇಬ್ರೂ ಓದಿದ ರಷ್ಯಾದಲ್ಲಿ ಗಂಡ ಹೆಂಡತಿ ಮಾತು ಬಿಟ್ರೆ ಶೀತಲ ಸಮರ, ಅತ್ತೆ ಬೇಡ ಅಂದ್ರೆ ವೀಟೋ. ಯಾರನ್ನೋ ನೋಡಿ ಬದುಕೇ ಮಗುಚಿ ಬಿದ್ರೆ, ಅದು ಪೆರೆವರೋತ್.”

ವರ್ಗಾವಣೆಯ ವಿಷಯವನ್ನೂ ಅವನೇ ಹೇಳಿದ. ಸುವೈಕ್‌ನ ಫಾರ್ಮಸಿಸ್ಟ್ ತೆರೇಸಾ ಹೆರಿಗೆಗೆ ಊರಿಗೆ ಹೋಗಿದ್ದಳು, ಅಷ್ಟೇ. ಸ್ವರ್ಣಲತಾಳನ್ನು ಕಳಿಸಬೇಡಿ ಎಂದು ಕೇಳಲು ಹೋಗಿ ಸಚ್ಚಿದಾನಂದ ಮ್ಯಾನೇಜರಿಂದ ಬೈಸಿಕೊಂಡು ಬಂದಿದ್ದನಂತೆ.

ಗೆಳೆಯ ಗೆಳೆಯನ ಪರ ಮಾತಾಡದೆ ಇನ್ನೇನು? ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೇರವಾಗಿ ಸಚ್ಚಿದಾನಂದನ ಕೋಣೆಗೆ ಹೋಗಿ ದೂರನ್ನು ಮೇಜಿನ ಮೇಲಿಟ್ಟಳು.

ಅವನು ಓದಿದ. ಮುಖ ಬಾಡಿತು.

“ಇದೆಲ್ಲ ಸುಳ್ಳಾದ್ರೆ ನೀವೇ ಹೇಳಿ,” ಅಂದಳು. “ಕನ್ನಡದಲ್ಲಿ.”

“ನಮ್ಮ ಬಾಗಲಕೋಟಿ ಮಂದಿಗೆ ಇಂಥಾದ್ದು ಬಾಯಿಬಿಟ್ಟು ಹೇಳಾಕ ಬರಂಗಿಲ್ರೀ,” ಎಂದು ಅವನು ತಡವರಿಸಿದ. “ಅದಕ್ಕ ಬ್ಯಾರೆ ಭಾಷಾದಾಗ ಅಡಗಿ ಕುಂತಿದ್ದೆ. ಅವತ್ತ ನಿಮ್ಮಿಂದ ಒಂದು ಕೂಸು ಉಳೀತು... ಅವತ್ತಿಂದ ನೀವ ಬೇಕು ಅನಸ್ತದ. ನೀವು ಒಲ್ಲೆ ಅಂದ್ರೂ ಈ ಮಾತು ಸುಳ್ಳಲ್ರೀ.”

ಅವನು ದೂರನ್ನು ಹರಿಯದೆ, ಅಡಗಿಸದೆ, ಅವಳತ್ತಲೇ ಸರಿಸಿದ. ಅದನ್ನು ಮಾತ್ರ ಅವಳು ಸಂಶಯಿಸಲಾರದೆ ಹೋದಳು. ದೂರಿನ ಹಾಳೆಯನ್ನು ತೆಗೆದುಕೊಂಡು ನಾಲ್ಕಾಗಿ ಹರಿದಳು.

“ನಾನು ಬೇಗ ನಂಬುವವಳಲ್ಲ, ಡಾಕ್ಟ್ರೆ.”

“ಕಾಯ್ತೀನ್ರಿ.”

“ಸುವೈಕ್‌ಗೆ ಹೋಗ್ಲೇಬೇಕು. ಇಲ್ಲಿಂದ ಎರಡು ಗಂಟೆಯ ದಾರಿ. ಶುಕ್ರವಾರ ಬಂದ್ರೆ ಊಟ ಹಾಕ್ತೇನೆ.”

“ಪ್ರತಿ ಶುಕ್ರವಾರಾನ್ರೀ?”

ಸ್ವರ್ಣಲತಾ ಬಾಗಿಲ ಬಳಿ ತಿರುಗಿ ನಿಂತಳು.

“ಮೊದಲು ಒಂದು ಶುಕ್ರವಾರ ಬನ್ನಿ,” ಅಂದಳು. “ತಡ ಮಾಡ್ಬೇಡಿ. ನಾನು ಉಣ್ಣದೆ ಕಾಯ್ತೇನೆ.”