ನಿಂತು ತೆಗೆಯಬೇಕಿದ್ದ ಎಕ್ಸ್‌ರೇ

“ಯವ್ವಾ...”

ಎಕ್ಸ್‌ರೇ ಕೋಣೆಯ ಗೋಡೆ ಹಿಡಿದು ನಿಂತವಳ ಬಾಯಿಂದ ಅಷ್ಟೇ ಬಂತು.

“ಕನ್ನಡದವರೇನ್ರಿ?” ಯಂತ್ರದ ಹಿಂದಿದ್ದವನು ತಲೆ ಎತ್ತಿದ. “ಎಷ್ಟು ದಣದೀರಿ! ನಿಂದರಬ್ಯಾಡ್ರಿ, ಮಲ್ಕೋರಿ.”

ಸುಮಂಗಲಾ ಮಲಗಿದಳು. ಮರಾಠಿ ಸೀಮೆಯ ಹಡಪಸರದ ಬಿಸ್ಕೀಟ್ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ಸಾಲಿನಲ್ಲಿ, ಹನ್ನೊಂದು ವರ್ಷ ನಿಂತೇ ದುಡಿದು ಮೊಣಕಾಲು ನೋಯಿಸಿಕೊಂಡವಳು. ತಮ್ಮಂದಿರ ಮದುವೆ ಮಾಡುವುದರೊಳಗೆ ತನಗೆ ಮೂವತ್ನಾಲ್ಕು ತುಂಬಿದ್ದೂ ಅವಳಿಗೆ ತಿಳಿದಿರಲಿಲ್ಲ. ‘ಮಲ್ಕೋ’ ಅಂತ ಇದುವರೆಗೆ ಒಬ್ಬರೂ ಅವಳಿಗೆ ಹೇಳಿರಲಿಲ್ಲ!

‘ಇವರು ಇನ್ನೊಂದು ಮಾತಾಡಬಾರದೇ...’ ಅನಿಸಿತು. ಅವನ ಹೆಸರು ದೇವಾನಂದ, ಗುಲಬರ್ಗಾ ಕಡೆಯವನು, ಒಂಟಿ. ನಗಬೇಡಿ ಮತ್ತೆ! ದಣಿದ ಜೀವಕ್ಕೆ ಪ್ರೀತಿ ಹುಟ್ಟಲು ಅಷ್ಟು ಸಾಕು.

ಆದರೆ ಮೂರನೇ ದಿನ ಕಾರ್ಖಾನೆಯ ಡಾಕ್ಟರು ಆ ಫಿಲ್ಮನ್ನು ಕಿಟಕಿಗೆ ಹಿಡಿದು, “ಎಲ್ಲಾ ನಾರ್ಮಲ್” ಅಂದುಬಿಟ್ಟರು.

ಕುಂತು ಮಾಡುವ ಕೆಲಸ ಕೇಳಿದ್ದಳು ಪಾಪ. ಸೂಪರ್‌ವೈಜರ್ ಪಂಢರಿನಾಥ ಎಲ್ಲರೆದುರು ನಕ್ಕ. “ಸಾಕು ನಾಟಕ! ಹೋಗಿ ನಿಂತ್ಕೋ.”

ಮತ್ತೆ ಎಂಟು ತಿಂಗಳು ನಿಂತಳು. ಮೆಟ್ಟಿಲು ಹತ್ತಲಾರದೆ ಅತ್ತಳು. ಕೊನೆಗೆ, ೨೦೦೩ರ ಬೇಸಿಗೆಯಲ್ಲಿ, ದೊಡ್ಡಾಸ್ಪತ್ರೆಯ ಡಾಕ್ಟರು ಆ ಹಳೆಯ ಫಿಲ್ಮ್ ನೋಡಿ ಹುಬ್ಬು ಗಂಟಿಕ್ಕಿದರು.

“ಇದು ಮಲಗಿಸಿ ತೆಗೆದದ್ದಾ? ನಿಂತಾಗ ತೆಗೀಬೇಕು. ಮೈಭಾರ ಬಿದ್ದರೇನೇ ಮೊಣಕಾಲಿನ ಎಲುಬುಗಳ ನಡುವಿನ ಗಾದಿ ಎಷ್ಟು ಸವೆದಿದೆ ಅಂತ ತಿಳಿಯೋದು.”

ನಿಲ್ಲಿಸಿ ತೆಗೆದರೆ, ಎರಡು ಎಲುಬುಗಳ ನಡುವೆ ಸಂದೇ ಇಲ್ಲ! ಎಂಆರ್‌ಐ ಕೂಡ ಅದನ್ನೇ ಹೇಳಿತು. ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡಿ, ಒಳಗೆ ಸ್ವಚ್ಛ ಮಾಡೋಣ ಅಂದರು ಡಾಕ್ಟರು.

ಸುಮಂಗಲಾಳಿಗೆ ಅದೊಂದೂ ಕೇಳಿಸಲಿಲ್ಲ. ‘ಅಂದ್ರ... ಬೇಕಂತಲೇ ಮಲಗಿಸಿದ!’

ಕುಂಟುತ್ತಲೇ ಹೋಗಿ ಎರಡೂ ಫಿಲ್ಮ್ ಅವನ ಮೇಜಿನ ಮೇಲೆ ಎಸೆದಳು.

“ಕಂಪನಿಯವರು ಹೇಳಿದಂಗ ತೆಗದ್ರೇನು? ನಮ್ಮ ಮಂದಿ ಅಂತ ನಂಬಿದ್ದೆನಲ್ಲ!”

ದೇವಾನಂದ ಎರಡನ್ನೂ ಬೆಳಕಿಗೆ ಹಿಡಿದ. ಮುಖ ಬಿಳುಚಿತು. ಮೇಜಿನ ಖಾನೆ ತೆಗೆದು ಹಳೆಯ ಚೀಟಿಗಳನ್ನು ಕೆದಕತೊಡಗಿದ.

‘ತಪ್ಪು ಮಾಡಿದವ ಏನು ಮಾತಾಡ್ಯಾನು!’ ಎಂದುಕೊಂಡು ಹೊರಬಂದಳು.

ಆಪರೇಷನ್ನಿನ ದಿನ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು. ಪಕ್ಕದ ಟಿವಿಯಲ್ಲಿ ತನ್ನದೇ ಮೊಣಕಾಲಿನ ಒಳಗು ಕಂಡಿತು. ಗಾದಿ ಹಿಂಜಿದ ಹತ್ತಿಯಂತೆ ಎಳೆ ಎಳೆ ಬಿಟ್ಟಿತ್ತು.

“ನೋವಾಗ್ತಿದೆಯಾ? ಯಾಕೆ ಅಳ್ತಿದೀರಿ?” ಡಾಕ್ಟರು ಕೇಳಿದರು.

“ಇಲ್ಲ ಡಾಕ್ಟರ್... ನಾಟಕ ಅಲ್ಲ ಇದು! ನಾಟಕ ಅಲ್ಲ!”

ವಾರ್ಡಿಗೆ ತಂದಾಗ ಬಾಗಿಲಲ್ಲಿ ದೇವಾನಂದ ನಿಂತಿದ್ದ.

“ಬೈರಿ, ಆದ್ರ ಒಂದು ಮಾತು ಕೇಳ್ರಿ. ಡಾಕ್ಟರ್ ಕೊಟ್ಟ ಚೀಟಿಯೊಳಗ ‘ನಿಲ್ಲಿಸಿ ತೆಗೀರಿ’ ಅಂತನೇ ಇತ್ತು. ನಾ ಓದಿದ್ದೆ. ಆದ್ರ ನಿಮ್ಮ ಕಾಲು ನಡಗತಿದ್ವು. ಮಾರಿ ನೋಡಿ ಮನಸು ಬರಲಿಲ್ಲ... ಮಲಗಿಸಿದೆ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ! ಅವಳ ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಕರುಣೆ ತೋರಿದ್ದ. ಆ ಕರುಣೆಯೇ ಅವಳ ನೋವನ್ನು ಮುಚ್ಚಿಹಾಕಿತ್ತು.

“ತಪ್ಪು ನಂದು ಅಂತ ಸಹಿ ಮಾಡಿ ನಿಮ್ಮ ಕಾರ್ಖಾನೆಗೆ ಬರಕೊಟ್ಟೀನಿ. ಅವರು ಒಪ್ಯಾರ, ಇನ್ನ ಮ್ಯಾಲೆ ನಿಮಗ ಕುಂತು ಮಾಡೋ ಕೆಲಸ.”

“ನಿಮ್ಮ ನೌಕರಿ?”

“ಹೋತು.” ಅವನು ತಲೆ ತಗ್ಗಿಸಿದ.

“ಹುಚ್ಚರೇನ್ರಿ ನೀವು!” ಸಿಟ್ಟು ಮಾಡಿಕೊಳ್ಳಲೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಕಣ್ಣೀರು ಮಾತ್ರ ಇಳಿಯಿತು. “ಅವತ್ತು ಆ ಮೇಜಿನ ಮ್ಯಾಲಿಂದ ಏಳೂದ ಬ್ಯಾಡ ಅನಿಸಿತ್ತು ನನಗ... ನಿಮ್ಮ ದನಿ ಕೇಳಕೋತ.”

ಅವನು ತಟ್ಟನೆ ತಲೆ ಎತ್ತಿದ.

“ಸವದ ಗಾದಿ ತಿರುಗಿ ಬರಂಗಿಲ್ಲಂತ,” ಅಂದಳು ಮೆಲ್ಲಗೆ. “ಈ ಕುಂಟಿ ಬೇಕೇನ್ರಿ ನಿಮಗ?”

“ನೀವ ಬೇಕ್ರಿ... ಹಂಗನಿಸಿ ಭಾಳ ದಿನ ಆತು.”

ಅವಳ ಕಣ್ಣು ಅವನ ಕಾಲಿನ ಮೇಲೆ ಹೋಯಿತು.

“ಎಷ್ಟೊತ್ತಿನಿಂದ ಹಿಂಗ ನಿಂತೀರಿ?”

“ಮುಂಜಾನಿಂದ.”

ಸುಮಂಗಲಾ ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿ, ಮಂಚದ ಮೇಲೆ ಜಾಗ ಮಾಡಿದಳು.

“ದಣದೀರಿ. ಬರ್ರಿ, ಕೂಡ್ರಿ.”